ಕಲಿಯೋ ಕೌನ್ಸೆಲರ್ ಹಿಂದೆ ಯಾರಿದ್ದಾರ?

ಟಿಕೋಟಾ ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆ, ಬಬಲೇಶ್ವರದಾಗ ಅಂಗಡಿ ಗಲ್ಲಾ ಕಾಯ್ಕೊಂಡು ಕೇಳೋರಿಗೆ, ವಿಜಯಪುರದ ಪಿಜಿ ರೂಮಿನಾಗ ಎಫ್‌ಡಿಎ ಬುಕ್ ಮುಚ್ಚಿಟ್ಟು ಮೊಬೈಲ್ ಹಿಡ್ಕೊಂಡವರಿಗೆ ಸ್ವಾಗತ.

ಕೇಳುಗರೊಬ್ಬರು ಮೆಸೇಜ್ ಮಾಡಿದ್ರು: "ಅಣ್ಣಾ, ಯೂನಿವರ್ಸಿಟಿ ಕ್ಲಿನಿಕ್‌ನಾಗ ಕೌನ್ಸೆಲಿಂಗ್ ಮಾಡೋರು ಇನ್ನೂ ಸ್ಟೂಡೆಂಟ್ಸ್ ಅಂತ. ನಮ್ಮ ಜೀವದ ಮಾತು ಕಲಿಯೋರ ಮುಂದೆ ಯಾಕ ಹೇಳ್ಬೇಕು?"

ಪ್ರಶ್ನೆ ಸರಿ ಐತಿ. ಆದರ ಇನ್ನೊಂದು ಪ್ರಶ್ನೆ ಕೇಳಬೇಕು: ಆ ಸ್ಟೂಡೆಂಟ್ ಹಿಂದೆ ಯಾರಿದ್ದಾರ?

ನಾ ಬಿಕಾಂ ಓದಿದವ, ನಮ್ಮ ಲೆಕ್ಕದಾಗ ಹೇಳ್ತೀನಿ. ಸಿಎ ಆಫೀಸಿನಾಗ ಆರ್ಟಿಕಲ್‌ಶಿಪ್ ಹುಡುಗರು ಕಿರ್ದಿ ನೋಡ್ತಾರ, ವೋಚರ್ ತಾಳೆ ಹಾಕ್ತಾರ. ಆಡಿಟ್ ರಿಪೋರ್ಟಿಗೆ ಸಹಿ ಮಾತ್ರ ಸಿಎ ಅವರದು. ತಪ್ಪಾದ್ರ ಉತ್ತರ ಕೊಡೋರೂ ಅವರೇ. ತರಬೇತಿ ಕ್ಲಿನಿಕ್‌ನಾಗ ಆ ಜಾಗದಲ್ಲಿ ಇರೋರು ಸೂಪರ್‌ವೈಸರ್, ಅಂದರೆ ಅನುಭವ ಇರೋ ಮನಃಶಾಸ್ತ್ರಜ್ಞರು.

ಇದು ಹೊಸದೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ 1896ರಲ್ಲೇ ಮನಃಶಾಸ್ತ್ರದ ಕ್ಲಿನಿಕ್ ತೆರೆದಿದ್ದರು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ, ಎಂ.ವಿ. ಗೋಪಾಲಸ್ವಾಮಿ ಅವರಿಂದ. ಇದೇ ಪ್ರೊಫೆಸರ್ 1935ರಲ್ಲಿ ತಮ್ಮ ಮನೆಯಿಂದ 'ಆಕಾಶವಾಣಿ' ರೇಡಿಯೋ ಶುರು ಮಾಡಿದವರು. ಮನಸ್ಸೂ ಮೈಕೂ ಎರಡೂ ಗೊತ್ತಿದ್ದ ಮನುಷ್ಯ! ಪಾಡ್‌ಕಾಸ್ಟ್ ಮಾಡೋ ನನಗ ಈ ಸುದ್ದಿ ಭಾಳ ಖುಷಿ ಕೊಡ್ತು. ಚಿಕಿತ್ಸೆಗೆ ತಯಾರು ಮಾಡೋ ಕ್ಲಿನಿಕಲ್ ಸೈಕಾಲಜಿ ತರಬೇತಿ ಬೆಂಗಳೂರಿನಲ್ಲಿ ಶುರುವಾಗಿದ್ದು 1955ರಲ್ಲಿ, ಇವತ್ತಿನ ನಿಮ್ಹಾನ್ಸ್ ಇರೋ ಜಾಗದಾಗ.

ಸೂಪರ್‌ವೈಸರ್ ಏನು ಮಾಡ್ತಾರ? ಕೆಲವು ಕಡೆ ಒಂದೇ ಬದಿಯಿಂದ ಕಾಣೋ ಕನ್ನಡಿ ಹಿಂದೆ ಕೂತು ನೋಡ್ತಾರ. ಕೆಲವು ಕಡೆ ಬಂದವರ ಒಪ್ಪಿಗೆ ತಗೊಂಡು ಮಾತು ರೆಕಾರ್ಡ್ ಮಾಡಿ, ಆಮ್ಯಾಲೆ ಕೇಳ್ತಾರ. ಕಾರ್ಲ್ ರೋಜರ್ಸ್ 1942ರ ತಮ್ಮ ಪುಸ್ತಕದಾಗ ಒಂದು ಕೇಸಿನ ಮಾತುಕತೆಯನ್ನ ಪೂರ್ತಿ ರೆಕಾರ್ಡಿಂಗ್‌ನಿಂದ ಇಳಿಸಿ ಅಚ್ಚು ಹಾಕಿಸಿದ್ದರು. ಅಲ್ಲೀತನಕ ಕಲಿಯೋರು ನೆನಪಿನಿಂದ ಬರೆದಿದ್ದನ್ನ ನಂಬಬೇಕಾಗಿತ್ತು. ನೆನಪು ಹೆಂಗ ಅಂದ್ರ, ನಾವು ಚಲೋ ಮಾತಾಡಿದ್ದಷ್ಟೇ ಇಟ್ಕೋತದ.

ಒಂದು ಉದಾಹರಣೆ. ಕಲ್ಪನೆದು, ಯಾರದೂ ಕೇಸ್ ಅಲ್ಲ. ಟಿಕೋಟಾ ಕಡೆಯ ದ್ರಾಕ್ಷಿ ತೋಟದವರ ಮನಿ ಹುಡುಗ ಅನ್ಕೋರಿ. ಆಲಿಕಲ್ಲು ಮಳಿಗೆ ಬೆಳಿ ಹೋಗೇತಿ, ಸಾಲ ಐತಿ, ಇವ ಎರಡನೇ ಸಲ ಪರೀಕ್ಷೆ ಫೇಲ್. ಸ್ಟೂಡೆಂಟ್ ಕೌನ್ಸೆಲರ್ ಮುಂದೆ ಕೂತು ಅರ್ಧ ತಾಸು ಓದಿನ ಬಗ್ಗೆ ಮಾತಾಡ್ತಾನ. ನಡುವೆ ಒಮ್ಮೆ "ಸಾಕಾಗೇತ್ರಿ" ಅಂತಾನ. ಸ್ಟೂಡೆಂಟ್ ತಲಿ ಅಲ್ಲಾಡಿಸಿ ಟೈಮ್‌ಟೇಬಲ್ ಮಾತಿಗೆ ಹೋಗ್ತಾಳ.

ರೆಕಾರ್ಡಿಂಗ್ ಕೇಳೋ ಸೂಪರ್‌ವೈಸರ್ ಅಲ್ಲೇ ನಿಲ್ಲಿಸ್ತಾರ. "ಸಾಕಾಗೇತಿ ಅಂದ. ಏನು ಸಾಕಾಗೇತಿ ಅಂತ ಕೇಳಿದೇನವಾ?"

ನಮ್ಮ ಕಡೆ ಈ ಮಾತು ದಿನಕ್ಕ ಹತ್ತು ಸಲ ಬರ್ತದ. ಬಿಸಿಲಿಗೂ ಸಾಕಾಗೇತಿ, ಬಸ್ಸಿಗೂ ಸಾಕಾಗೇತಿ. ಬದುಕಿಗೂ ಅದೇ ಶಬ್ದ. ಹಂಗಾಗಿ ಬಿಡಿಸಿ ಕೇಳ್ಬೇಕು: ಸಾಯೋ ಯೋಚನೆ ಬರ್ತದೇನು? ಹಿಂಗ ನೇರ ಕೇಳಿದ್ರ ಆ ಯೋಚನೆ ತಲಿಗೆ ಹಾಕಿದಂಗ ಆಗ್ತದ ಅಂತ ಭಾಳ ಮಂದಿ ಹೆದರ್ತಾರ. ಹಂಗ ಆಗೂದಿಲ್ಲ, ಇದನ್ನ ಸಂಶೋಧನೆಗಳೂ ಹೇಳ್ತಾವ. ಕೇಳಿದ್ರ ಎಷ್ಟೋ ಸಲ ಎದುರಿನವರಿಗೆ ಎದಿ ಹಗುರ ಆಗ್ತದ. ಇಂಥ ಸುಳಿವು ಸಿಕ್ಕ ದಿನ ಮುಂದಿನ ವಾರದ ಮೀಟಿಂಗ್ ಕಾಯೂದಿಲ್ಲ. ಸ್ಟೂಡೆಂಟ್ ಅವತ್ತೇ ಸೂಪರ್‌ವೈಸರ್‌ಗೆ ತಿಳಿಸಬೇಕು.

ಅವರ ಇನ್ನೊಂದು ಕೆಲಸ ಹೊರಗ ಕಾಣಂಗಿಲ್ಲ. ಆ ಸ್ಟೂಡೆಂಟ್ ಮನ್ಯಾಗೂ ಸಾಲ ಇದ್ರ? ಅವಳಿಗೆ ಆ ಹುಡುಗನ ಮಾತು ಕೇಳಾಕ ಆಗ್ದೇ ಟೈಮ್‌ಟೇಬಲ್ ಕಡೆ ಓಡಿರಬಹುದು. ಬೈದ್ರ ಮುಂದಿನ ಸಲ ಮುಚ್ಚಿಡ್ತಾಳ, ಸುಮ್ಮನ ಬಿಟ್ರ ಹುಡುಗನಿಗೆ ಅಪಾಯ. ನನ್ನ ಪ್ರಕಾರ ಈ ಇಡೀ ಕೆಲಸದಾಗ ಕಷ್ಟದ ಜಾಗ ಇದೇ.

ಈಗ ಗುಟ್ಟಿನ ವಿಷಯ. ಬಬಲೇಶ್ವರದಂಥ ಊರಾಗ ಯಾರ ಗಾಡಿ ಯಾವ ದವಾಖಾನಿ ಮುಂದೆ ನಿಂತಿತ್ತು ಅಂತ ಸಂಜಿಗೆ ಎಲ್ಲಾರಿಗೂ ಗೊತ್ತು. ಕೌನ್ಸೆಲರ್ ನಿಮ್ಮ ಕಾಕಾನ ಮಗಳ ಗೆಳತಿ ಇದ್ರೂ ಇರಬಹುದು. ಹಂಗಿದ್ರ ಮೊದಲೇ ಹೇಳಿ ಬೇರೆಯವರನ್ನ ಕೇಳ್ರಿ, ಅದರಾಗ ಮುಜುಗರ ಏನಿಲ್ಲ. ನಿಮ್ಮ ಮಾತು ಸೂಪರ್‌ವೈಸರ್ ಕಿವಿಗೂ ಬೀಳ್ತದ, ಇದನ್ನ ಮೊದಲ ದಿನವೇ ನಿಮಗ ಹೇಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮಿನಲ್ಲಿ ಗೌಪ್ಯತೆ ಹಕ್ಕು ಐತಿ. ಜೀವಕ್ಕ ಅಪಾಯ ತಪ್ಪಿಸೋದು ಇಂಥ ಕೆಲವು ಸಂದರ್ಭಕ್ಕಷ್ಟೇ ವಿನಾಯಿತಿ.

ಹಂಗಾದ್ರ ಸ್ಟೂಡೆಂಟ್ ಹತ್ರ ಹೋಗಬೇಕಾ? ನನ್ನ ಉತ್ತರ: ಸೂಪರ್‌ವೈಸರ್ ಇದ್ರ ಹೋಗ್ರಿ. ಯಾರಿಗೂ ಲೆಕ್ಕ ಕೊಡದ, ಬರೀ 'ಕೌನ್ಸೆಲರ್' ಅಂತ ಬೋರ್ಡ್ ಹಾಕ್ಕೊಂಡವರಿಗಿಂತ ಇದು ವಾಸಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಾಕ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಆ ನಂಬರ್ ಕೇಳಾಕ ನಾಚಿಕಿ ಬ್ಯಾಡ. ಮೊದಲ ದಿನ ಮೂರು ಮಾತು ಕೇಳ್ರಿ: ನಿಮ್ಮ ಸೂಪರ್‌ವೈಸರ್ ಯಾರು? ರೆಕಾರ್ಡ್ ಮಾಡ್ತೀರಾ, ಯಾವಾಗ ಅಳಿಸ್ತೀರಾ? ನಿಮ್ಮ ಕೋರ್ಸ್ ಮುಗಿದ ಮ್ಯಾಲೆ ನನ್ನ ಯಾರು ನೋಡ್ತಾರ? ಮೂರನೇದನ್ನ ಎಲ್ಲಾರೂ ಮರೀತಾರ. ಪರೀಕ್ಷೆ ಮುಗಿಸಿ ಸ್ಟೂಡೆಂಟ್ ಊರಿಗೆ ಹೋದ್ರ, ನೀವು ಮತ್ತ ಮೊದಲಿಂದ ಕಥಿ ಹೇಳ್ಬೇಕಾಗ್ತದ.

ಹತ್ರ ಕ್ಲಿನಿಕ್ ಇಲ್ಲ, ಇವತ್ತು ರಾತ್ರಿನೇ ಯಾರೊಟ್ಟಿಗಾದ್ರೂ ಮಾತಾಡಬೇಕು ಅನ್ನೋರಿಗೆ ಟೆಲಿ ಮಾನಸ್ ಐತಿ. 2022ರ ಅಕ್ಟೋಬರ್‌ನಿಂದ ನಡೀತಿರೋ ಸರ್ಕಾರಿ ಸೇವೆ, ದುಡ್ಡಿಲ್ಲ, ಕನ್ನಡದಾಗೇ ಮಾತಾಡಬಹುದು. ನಂಬರ್ 14416. ಸೇವ್ ಮಾಡ್ಕೋರಿ, ಪಿಜಿ ರೂಮ್‌ಮೇಟ್‌ಗೂ ಕಳಸ್ರಿ.