ಲಂಬಾಣಿ ಅಂದರೂ ಹಿಂದಿ ಲೆಕ್ಕ!

ಇವತ್ತು ಪಕ್ಷ, ಚುನಾವಣೆ ಬೇಡ. ಒಂದು ಲೆಕ್ಕದ ವಿಷಯ ಮಾತಾಡೋಣ. ಲೆಕ್ಕ ಅಂದ ಕೂಡಲೇ ರಿಮೋಟ್ ಕೈಗೆ ತಗೋಬೇಡಿ.

ಶಿಕಾರಿಪುರದ್ದೋ ಸೊರಬದ್ದೋ ಒಂದು ತಾಂಡಾ ಅಂದುಕೊಳ್ಳಿ. ಜನಗಣತಿಗೆ ಬಂದ ಮೇಷ್ಟ್ರು ಅಲ್ಲಿನ ಅಜ್ಜಿಯನ್ನು ಕೇಳ್ತಾರೆ: 'ಅಜ್ಜಿ, ನಿಮ್ಮ ಮಾತೃಭಾಷೆ ಯಾವುದು?' ಅಜ್ಜಿ 'ಲಂಬಾಣಿ' ಅಂತಾಳೆ. ಮೇಷ್ಟ್ರು ಲಂಬಾಣಿ ಅಂತಲೇ ಬರೆದುಕೊಳ್ತಾರೆ. ಅವರದ್ದೇನೂ ತಪ್ಪಿಲ್ಲ. ಆ ಮಾಹಿತಿ ದೆಹಲಿಗೆ ಹೋಗುತ್ತೆ. ಅಲ್ಲಿಂದ ಭಾಷಾವಾರು ಪಟ್ಟಿ ಅಚ್ಚಾಗಿ ಹೊರಗೆ ಬರುವಾಗ ನಮ್ಮ ಅಜ್ಜಿ ಹಿಂದಿ ಭಾಷಿಕಳಾಗಿರ್ತಾಳೆ! ಜೀವನದಲ್ಲಿ ಒಂದು ವಾಕ್ಯ ಹಿಂದಿ ಆಡದ ಅಜ್ಜಿ ಸ್ವಾಮಿ.

ತಮಾಷೆಗೆ ಹೇಳ್ತಿಲ್ಲ. 2011ರ ಜನಗಣತಿಯ ಭಾಷಾ ಕೋಷ್ಟಕ ತೆಗೆದು ನೋಡಿ. 'ಹಿಂದಿ' ಅನ್ನೋ ದೊಡ್ಡ ಕೊಡೆಯ ಕೆಳಗೆ ಭೋಜಪುರಿ, ರಾಜಸ್ಥಾನಿ, ಛತ್ತೀಸಗಢಿ ಎಲ್ಲ ನಿಂತಿವೆ. ಅವುಗಳ ಜೊತೆಗೆ ಲಮಾಣಿ ಅಥವಾ ಲಂಬಾಡಿ, 32 ಲಕ್ಷಕ್ಕೂ ಹೆಚ್ಚು ಜನ. ಬಂಜಾರಿ ಅಂತ ಬರೆಸಿದವರು ಇನ್ನೊಂದು 15 ಲಕ್ಷಕ್ಕೂ ಹೆಚ್ಚು. ಅವರೂ ಅದೇ ಕೊಡೆ ಕೆಳಗೆ. ಒಟ್ಟು 48 ಲಕ್ಷ ದಾಟುತ್ತೆ. ಅದೇ ಗಣತಿಯಲ್ಲಿ ತುಳು ಮಾತಾಡೋರು 18 ಲಕ್ಷ, ಕೊಡವ 1 ಲಕ್ಷದ 13 ಸಾವಿರ. ಅವೆರಡಕ್ಕೂ ಸ್ವಂತ ಸಾಲಿದೆ, ಇರಲೇಬೇಕು. 17 ಲಕ್ಷ ಜನರ ಮಣಿಪುರಿ ಸಂವಿಧಾನದ ಎಂಟನೇ ಪರಿಚ್ಛೇದದಲ್ಲೇ ಇದೆ. ಈ 48 ಲಕ್ಷ ಜನಕ್ಕೆ ಮಾತ್ರ ತಮ್ಮದು ಅಂತ ಒಂದು ಸಾಲಿಲ್ಲ.

ಲಂಬಾಣಿ ರಾಜಸ್ಥಾನಿ ಬೇರಿನದು ಅಂತ ವಿದ್ವಾಂಸರು ಹೇಳ್ತಾರೆ. ಒಪ್ಪೋಣ. ಆದರೆ ಕನ್ನಡದ ಬೇರು ತಮಿಳಿನ ಬೇರು ಒಂದೇ ಅಂತ ಹೇಳಿ ನಮ್ಮ ತಲೆಗಳನ್ನು ತಮಿಳಿನ ಲೆಕ್ಕಕ್ಕೆ ಸೇರಿಸಿದರೆ ಸುಮ್ಮನಿರ್ತೀವಾ? ಮಾರನೇ ದಿನವೇ ರಾಜ್ಯ ಬಂದ್!

ಇನ್ನೂ ಒಂದು ವಿಚಿತ್ರ ಇದೆ. ಜಾರ್ಜ್ ಗ್ರಿಯರ್ಸನ್ ಅನ್ನೋ ಬ್ರಿಟಿಷ್ ಅಧಿಕಾರಿ ಭಾರತದ ಭಾಷೆಗಳ ಸಮೀಕ್ಷೆ ಮಾಡಿದರು. ಮೈಸೂರು ಸಂಸ್ಥಾನ ಅದರ ವ್ಯಾಪ್ತಿಯಲ್ಲಿ ಇರಲಿಲ್ಲ. ಆದರೂ 1907ರಲ್ಲಿ ಬಂದ ಸಂಪುಟದಲ್ಲಿ ಬಂಜಾರಿ ಅಥವಾ ಲಭಾನಿ ಅಂತ ಹೆಸರಿಟ್ಟು ಈ ಭಾಷೆಗೆ ಬೇರೆಯೇ ಜಾಗ ಕೊಟ್ಟರು. ಪರಕೀಯ ಕೊಟ್ಟ ಜಾಗವನ್ನು ನಮ್ಮವರು ಹಿಂದಿಯ ಜೇಬಿಗೆ ಹಾಕಿದರು.

ಹಾಗಂತ ಬ್ರಿಟಿಷರನ್ನು ಹೊಗಳೋಕೆ ಹೊರಟಿಲ್ಲ. ಈ ಜನರ ಬದುಕು ಮುರಿದದ್ದೇ ಅವರ ಕಾಲದಲ್ಲಿ. ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದವರು. ಆ ವ್ಯಾಪಾರಕ್ಕೆ ಲದೇಣಿ ಅಂತಾರೆ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೈನ್ಯದ ಹೊಟ್ಟೆ ತುಂಬಿಸಿದ್ದರಲ್ಲಿ ಇವರ ಎತ್ತುಗಳ ಪಾಲು ದೊಡ್ಡದು. ಆಮೇಲೆ ರಸ್ತೆ ಬಂತು, ರೈಲು ಬಂತು, ಉಪ್ಪು ಸರ್ಕಾರದ ಮುಷ್ಟಿಗೆ ಹೋಯ್ತು. ಎತ್ತು ಹೇರೋರಿಗೆ ಕೆಲಸ ಇಲ್ಲ. ಅಷ್ಟು ಸಾಲದು ಅಂತ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು, ಕೆಲವು ಪ್ರಾಂತ್ಯಗಳಲ್ಲಿ ಇವರ ಹೆಸರೂ ಆ ಪಟ್ಟಿಗೆ ಬಿತ್ತು. ಹುಟ್ಟಿದ ಮಗುವೂ ಕಳ್ಳ! ಆ ಕಾಯ್ದೆ ರದ್ದಾಗಿದ್ದು 1952ರಲ್ಲಿ.

ಇಷ್ಟೆಲ್ಲ ಆದರೂ ಮಾತು ಉಳೀತು. ನೂರಾರು ವರ್ಷ ತೆಲುಗು, ಮರಾಠಿ, ಕನ್ನಡ ಸೀಮೆಯಲ್ಲಿ ಓಡಾಡಿದರೂ ಉಳೀತು. ಯಾಕೆ? ತಾಂಡಾ ಊರಾಚೆ ಇತ್ತು. ಒಳಗಿನ ಮಾತು ಒಳಗೇ ಇತ್ತು. ನಾಯಕ, ಕಾರಭಾರಿ ಕೂತು ಮಾಡೋ ನ್ಯಾಯ ಅದೇ ಭಾಷೆಯಲ್ಲಿ, ಮದುವೆ ಹೆಣ್ಣು ತವರು ಬಿಡುವಾಗ ಅಳುತ್ತಾ ಹಾಡೋ ಢಾವಲೋ ಅದೇ ಭಾಷೆಯಲ್ಲಿ.

ಈಗ ಒಂದು ತಲೆಮಾರಿನೊಳಗೆ ಅದು ಸಡಿಲ ಆಗ್ತಿದೆ. ಶಿಕಾರಿಪುರದ ಒಂದು ತಾಂಡಾದಲ್ಲಿ ನಾನೇ ಕಂಡದ್ದು ಹೇಳ್ತೀನಿ. ಅಜ್ಜಿ ಲಂಬಾಣಿಯಲ್ಲಿ ಕರೀತಾಳೆ, ಮೊಮ್ಮಗ ಕನ್ನಡದಲ್ಲಿ ಓಗೊಡ್ತಾನೆ, ಕೈಯಲ್ಲಿ ಹಿಡಿದ ಮೊಬೈಲ್ ಇಂಗ್ಲಿಷಿನಲ್ಲಿ ಹಾಡ್ತಾ ಇದೆ. ಲಂಬಾಣಿಯಲ್ಲಿ ತಾಯಿಗೆ 'ಯಾಡಿ' ಅಂತಾರೆ. ಆ ಹುಡುಗ ತಾಯಿಯನ್ನು 'ಮಮ್ಮಿ' ಅಂತಿದ್ದ. ಅವನಪ್ಪನನ್ನು ಕೇಳಿದೆ. ಆತ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿ ಬಂದವರು. 'ಲಂಬಾಣಿ ಮಾತಾಡಿ ನಾನು ಇಟ್ಟಿಗೆ ಹೊತ್ತೆ ಸಾರ್, ಅವನೂ ಹೊರಬೇಕಾ?' ಅಂದರು. ಸ್ಟುಡಿಯೋದಲ್ಲಿ ಕೂತು ಅವರಿಗೆ ಭಾಷಾಪ್ರೇಮದ ಪಾಠ ಹೇಳೋ ಯೋಗ್ಯತೆ ಯಾರಿಗಿದೆ? 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಬಾಗಿಲು ತೆಗೀತು. ದೊಡ್ಡ ಮಾರುಕಟ್ಟೆ ಯಾವ ಭಾಷೆಗೆ ಸಂಬಳ ಕೊಡುತ್ತೋ ತಂದೆ ತಾಯಿ ಅದನ್ನೇ ಆರಿಸ್ತಾರೆ.

ಆದರೆ ಇದನ್ನೆಲ್ಲ ಇಂಗ್ಲಿಷ್ ತಲೆಗೆ ಕಟ್ಟಿ ಕನ್ನಡಿಗರು ಕೈ ತೊಳ್ಕೊಳ್ಳೋ ಹಾಗಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕನ್ನಡಕ್ಕೆ ಏನಾಗ್ತಿದೆ ಅಂತ ದಿನಾ ಚರ್ಚೆ ಮಾಡ್ತೀವಲ್ಲ, ತಾಂಡಾದಲ್ಲಿ ಲಂಬಾಣಿಗೆ ಅದೇ ಆಗ್ತಿದೆ. ಅಲ್ಲಿ ದೊಡ್ಡಣ್ಣ ನಾವು. ಶಿಕಾರಿಪುರ ಅಂದರೆ ಸಾಮಾನ್ಯ ತಾಲ್ಲೂಕಾ? ಕ್ರಿ.ಶ. 370ರದು ಅಂತ ಪುರಾತತ್ವ ಇಲಾಖೆ ಹೇಳಿದ ತಾಳಗುಂದದ ಕನ್ನಡ ಶಾಸನ ಅಲ್ಲಿದೆ. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಅಲ್ಲೇ. ಬಳ್ಳಿಗಾವಿಯ ಕೋಡಿಯಮಠದಲ್ಲಿ ಪಾಣಿನೀಯ, ಕೌಮಾರ, ಶಾಕಟಾಯನ ಅಂತ ಬಗೆಬಗೆಯ ವ್ಯಾಕರಣ ಕಲಿಸ್ತಿದ್ದರು, ಹಸಿದವರಿಗೆ ಅನ್ನ, ರೋಗಿಗೆ ಔಷಧ ಕೊಡ್ತಿದ್ದರು ಅಂತ 1162ರ ಶಾಸನ ಹೇಳುತ್ತೆ. ಅಂಥ ನೆಲದಲ್ಲಿ ಒಂದು ಮಗುವಿಗೆ ತನ್ನ ಮನೆಮಾತಿನಲ್ಲಿ ಒಂದನೇ ತರಗತಿ ಓದೋ ದಾರಿಯಿಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿ ಅಂತ ಸಂವಿಧಾನದ 350ಎ ವಿಧಿ 1956ರಿಂದ ಹೇಳ್ತಾನೇ ಇದೆ.

2023ರ ಮಾರ್ಚ್ 27 ನೆನಪಿದೆಯಾ? ಒಳಮೀಸಲಾತಿ ವಿರೋಧಿಸಿ ಬಂಜಾರ ಸಮುದಾಯದವರು ಯಡಿಯೂರಪ್ಪನವರ ಶಿಕಾರಿಪುರದ ಮನೆ ಮುಂದೆ ಸೇರಿದರು, ಕಲ್ಲು ಬಿದ್ದವು, ಲಾಠಿ ಬೀಸಿದರು, ರಾಜ್ಯದ ಕ್ಯಾಮೆರಾಗಳೆಲ್ಲ ಅಲ್ಲಿದ್ದವು. ಮೀಸಲಾತಿಗೆ ಅಷ್ಟು ಸಿಟ್ಟು ಬರುತ್ತೆ, ಭಾಷೆಗೆ ಅದರ ಹತ್ತರಲ್ಲಿ ಒಂದು ಪಾಲು ಬಂದಿದ್ದನ್ನು ನಾನು ಕಂಡಿಲ್ಲ.

ಮಾಡೋಕೆ ದಾರಿ ಇದೆ. ನ್ಯೂಜಿಲೆಂಡಿನ ಮಾವೋರಿ ಜನ 1982ರಲ್ಲಿ 'ಕೊಹಂಗ ರಿಯೊ' ಶುರು ಮಾಡಿದರು. ಭಾಷೆಯ ಗೂಡು ಅಂತ ಅರ್ಥ. ಪುಟ್ಟ ಮಕ್ಕಳನ್ನು ಒಂದೆಡೆ ಸೇರಿಸಿ ಅಜ್ಜ ಅಜ್ಜಿಯರು ತಮ್ಮ ಭಾಷೆಯಲ್ಲೇ ಮಾತಾಡಿಸೋದು. ನಮ್ಮ ತಾಂಡಾದ ಅಂಗನವಾಡಿಗೆ ವಾರಕ್ಕೆ ಮೂರು ದಿನ ಒಬ್ಬ ಅಜ್ಜಿಯನ್ನು ಕರೆಸಿ, ಗೌರವಧನ ಕೊಡಿ. ಇಂಗ್ಲಿಷೂ ಕಲೀಲಿ, ಕನ್ನಡವೂ ಕಲೀಲಿ, ಯಾಡಿ ಅನ್ನೋದೂ ಬಾಯಲ್ಲಿ ಇರಲಿ.

ಇನ್ನು ಲೆಕ್ಕ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಸ್ವಂತ ಸಾಲು ಬೇಕು ಅಂತ ನಮ್ಮ ಸಂಸದರು ದೆಹಲಿಯಲ್ಲಿ ಕೇಳಬೇಕು. ತಾಂಡಾದವರೂ ಒಂದು ತೀರ್ಮಾನಕ್ಕೆ ಬರಬೇಕು. ಕೆಲವರು ಲಂಬಾಣಿ ಅಂತ, ಕೆಲವರು ಬಂಜಾರಿ ಅಂತ, ಕೆಲವರು ಗೋರ್ ಬೋಲಿ ಅಂತ ಬರೆಸಿದರೆ ಮತ ಒಡೆದ ಹಾಗೆ. ಯಾವ ಹೆಸರು? ಸೇವಾಲಾಲ್ ಜಯಂತಿಗೆ ಪ್ರತಿವರ್ಷ ಫೆಬ್ರುವರಿ 15ಕ್ಕೆ ಪಕ್ಕದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಜನಸಾಗರ ಬರುತ್ತಲ್ಲ, ಅಲ್ಲಿ ಕೂತು ಮಾತಾಡಬಹುದಿತ್ತು. ಆದರೆ 2027ರ ಜಯಂತಿವರೆಗೆ ಕಾಯಬೇಡಿ. ಅಷ್ಟೊತ್ತಿಗೆ ಮೇಷ್ಟ್ರು ಬಾಗಿಲಿಗೆ ಬಂದಿರ್ತಾರೆ.