ಹುದ್ದೆ ಹೋಗಿ ಸೇವೆ ಬಂತು

(ನಿರುದ್ಯೋಗಿ ಪದವೀಧರರ ಸಭೆಯಲ್ಲಿ ಆಡಿದ ಮಾತುಗಳು)



ಖಾಲಿ ಕುರ್ಚಿಗಳಿಂದ ಮಾತು ಶುರು ಮಾಡೋಣ. ಕರ್ನಾಟಕ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇವೆ ಅನ್ನೋದು 2023ರಲ್ಲಿ ಸರ್ಕಾರದ ಬಾಯಿಂದಲೇ ಬಂದ ಮಾತು. 2024ರ ಅಕ್ಟೋಬರಿನಲ್ಲಿ, ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸಂಪುಟ ಹೇಳಿತು. ಸಂಪುಟ ಅದನ್ನು ತೀರ್ಮಾನಿಸಿದ್ದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿ ನ್ಯಾಯದ ಕೇಳಿಕೆ, ಅದನ್ನು ನಾವು ಬೈಯುವವರಲ್ಲ. ನಮ್ಮ ಪ್ರಶ್ನೆ ಬೇರೆ. ಅಷ್ಟು ದಿನ ಕಚೇರಿಗಳು ಬೀಗ ಹಾಕಿಕೊಂಡಿದ್ದವೇ? ಇಲ್ಲವಲ್ಲ. ಫೈಲು ಓಡಾಡಿತು, ಟೈಪು ನಡೀತು, ಆಸ್ಪತ್ರೆಯ ನೆಲ ದಿನಾ ಒರೆಸಿದ್ದಾಯಿತು. ಕುರ್ಚಿ ಖಾಲಿಯಿತ್ತೇ ಹೊರತು ಕೆಲಸ ಖಾಲಿ ಇರಲಿಲ್ಲ. ಮಾಡಿದವರು ಹೊರಗುತ್ತಿಗೆಯವರು.

ಅದನ್ನೂ ಹುಡುಕಿಕೊಂಡು ಹೋದವರು ನಾವು. ಬಿ.ಎ. ಎಂ.ಎ. ಮಾಡಿದ್ದೀವಿ, ವಯಸ್ಸು ನಿಲ್ಲುವುದಿಲ್ಲ, ಹೊಟ್ಟೆಯೂ ಕೇಳುವುದಿಲ್ಲ. ಆದರೆ ಎಲ್ಲಿ ಹುಡುಕಬೇಕು? ಪೇಪರಿನಲ್ಲಿ ಪ್ರಕಟಣೆ ಇಲ್ಲ, ಪರೀಕ್ಷೆ ಇಲ್ಲ, ಪಟ್ಟಿ ಇಲ್ಲ. ನಮ್ಮಲ್ಲೊಬ್ಬ ಒಂದು ಜಿಲ್ಲಾ ಕಚೇರಿಗೆ ಹೋಗಿ ಕೇಳಿದ. 'ನಮ್ಮ ಕೈಲಿಲ್ಲ, ಏಜೆನ್ಸಿಯವರನ್ನ ಕೇಳು' ಅಂದರು. ಏಜೆನ್ಸಿಗೆ ಹೋದರೆ 'ಸಾಹೇಬರು ಹೇಳಿದವರನ್ನ ಹಾಕ್ಕೋತೀವಿ' ಅಂದರು. ಹೊರಡುವಾಗ ಅಲ್ಲಿದ್ದವನು ಮೆಲ್ಲಗೆ ಕೇಳಿದನಂತೆ: 'ಎರಡು ತಿಂಗಳ ಸಂಬಳ ಮುಂಗಡ ಕೊಡ್ತೀಯಾ? ಯಾವ ಊರು, ಯಾರ ಪೈಕಿ?' ಅಪ್ಪಂದಿರು ಜೀತಕ್ಕೆ ನಿಂತಾಗ ಗೌಡ ಮುಂಗಡ ಕೊಡುತ್ತಿದ್ದ. 1976ರ ಕಾಯ್ದೆ ಆ ಜೀತವನ್ನು ಅಪರಾಧ ಅಂದಿತು. ಈಗ ಮುಂಗಡವನ್ನೂ ನಾವೇ ಕೊಡಬೇಕಂತೆ!

ಇದು ಒಬ್ಬ ಏಜೆನ್ಸಿಯವನ ಕೆಟ್ಟತನ ಅಂತ ಬಿಟ್ಟುಬಿಟ್ಟರೆ ಮೋಸ ಹೋಗುತ್ತೇವೆ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ, 1943ರಲ್ಲಿ, ಕೇಂದ್ರದ ನೌಕರಿಗಳಲ್ಲಿ ಪರಿಶಿಷ್ಟರಿಗೆ ಶೇ. 8.33 ಅಂತ ಆದೇಶವಾಯಿತು. ಆಮೇಲೆ ಸಂವಿಧಾನದ 16(4) ಬಂತು. ಆ ಹಕ್ಕು ನಿಂತಿರುವುದು 'ಹುದ್ದೆ' ಅನ್ನೋ ಮಾತಿನ ಮೇಲೆ. ಹೊರಗುತ್ತಿಗೆ ಮಾಡಿದ್ದು ಇಷ್ಟೇ: ಹುದ್ದೆಯನ್ನು ಅಳಿಸಿ 'ಸೇವೆ' ಅಂತ ಬರೆಯಿತು. ಫಿನಾಯಿಲು, ಕಾಗದ ಖರೀದಿಸುವ ಟೆಂಡರಿನಂತೆಯೇ ಆಳುಗಳನ್ನು ಪೂರೈಸುವ ಟೆಂಡರು. ಫಿನಾಯಿಲಿಗೆ ರೋಸ್ಟರ್ ಉಂಟೇ? ಮೀಸಲಾತಿಯನ್ನು ಯಾರೂ ರದ್ದು ಮಾಡಲಿಲ್ಲ, ಅದು ನಿಂತಿದ್ದ ನೆಲವನ್ನೇ ಕೆಳಗಿನಿಂದ ಎಳೆದುಕೊಂಡರು.

ಕೂಗಾಟವಾದ ಮೇಲೆ 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು, ಶೇ. 33 ಹೆಣ್ಣುಮಕ್ಕಳಿಗೆ ಕೊಡಬೇಕು ಅಂತ ಸುತ್ತೋಲೆ ಹೊರಡಿಸಿತು. ಸಂತೋಷ. ಆದರೆ ಅದರಲ್ಲೇ ಕಿಂಡಿ ಇದೆ. 45 ದಿನಕ್ಕಿಂತ ಕಡಿಮೆ ಅವಧಿಯ ಕೆಲಸಕ್ಕೆ, 20ಕ್ಕಿಂತ ಕಡಿಮೆ ಜನ ಬೇಕಾದ ಕಡೆಗೆ ಅದು ಅನ್ವಯಿಸುವುದಿಲ್ಲ. ಇಪ್ಪತ್ತನ್ನು ಹತ್ತೊಂಬತ್ತು ಮಾಡೋಕೆ ಗುಮಾಸ್ತನಿಗೆ ಎಷ್ಟು ಹೊತ್ತು ಬೇಕು ಹೇಳಿ!

ರೋಸ್ಟರೇ ಬೇಡದ ಗುತ್ತಿಗೆ ಕೂಡ ಒಂದಿದೆ. ಪೊರಕೆಯ ಗುತ್ತಿಗೆ. ಅಲ್ಲಿ ಯಾರೂ 'ಮೆರಿಟ್' ಎತ್ತುವುದಿಲ್ಲ, ಪೂರ್ತಿ ನಮಗೇ ಬಿಟ್ಟಿದ್ದಾರೆ. ಓದಿದ ನಾವು ಕಲಿಯಬೇಕಾದ ಪಾಠವೂ ಅಲ್ಲೇ ಇದೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ನಾಲ್ಕು ದಿನಕ್ಕೆ ಸರ್ಕಾರ ಕಾಯಂ ಮಾಡುವ ಮಾತಿಗೆ ಬಂತು. 2025ರ ಮೇ 1ರಂದು ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ಆದೇಶ ಕೊಟ್ಟರು. ಹೆಬ್ಬೆಟ್ಟು ಒತ್ತುವ ಅವ್ವಂದಿರು ಗೆದ್ದದ್ದು ಇದು.

ಕೋರ್ಟಿನ ಮಾತೂ ತಿಳಿದಿರಲಿ. 2006ರ ಉಮಾದೇವಿ ತೀರ್ಪು ನಮ್ಮ ರಾಜ್ಯದ್ದೇ ಕೇಸು, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರದು. ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಹಕ್ಕಿಲ್ಲ ಅಂದಿತು. ಮುಂಬಾಗಿಲಿಗೆ ಬೀಗ ಜಡಿದವರು ಅದನ್ನೇ ಹಿಡಿದು ನಮ್ಮನ್ನು ಹೆದರಿಸಿದರು. 2024ರ ಡಿಸೆಂಬರಿನಲ್ಲಿ, ಜಗ್ಗೋ ಪ್ರಕರಣದಲ್ಲಿ, ವರ್ಷಗಟ್ಟಲೆ ದುಡಿಸಿಕೊಂಡವರ ಮೇಲೆ ಆ ತೀರ್ಪನ್ನು ಆಯುಧ ಮಾಡಬೇಡಿ ಅಂತ ಸುಪ್ರೀಂ ಕೋರ್ಟೇ ಹೇಳಿತು.

ಹಾಗಾದರೆ ಗುತ್ತಿಗೆ ಕೆಲಸ ಬೇಡವೇ? ಬೇಡ ಅನ್ನೋ ಧಾರಾಳತನ ನಮಗಿಲ್ಲ. ಸಿಕ್ಕರೆ ಹಿಡಿಯೋಣ. ಕಾಗದ ಇಲ್ಲದೆ ಮಾತ್ರ ಹಿಡಿಯಬಾರದು. ನೇಮಕದ ಪತ್ರ ಕೇಳಿ. ಸಂಬಳ ಬ್ಯಾಂಕಿಗೇ ಬರಲಿ. ಪಿ.ಎಫ್. ಹಿಡಿದರೆ ನಂಬರು ಕೇಳಿ, ನಮ್ಮಿಂದ ಶೇ. 12 ಕಿತ್ತುಕೊಂಡು ಕಟ್ಟದೇ ಇರುವವರುಂಟು. ಹಾಜರಾತಿಯ ಒಂದು ನಕಲು ನಿಮ್ಮ ಹತ್ತಿರ ಇರಲಿ, ಎಲ್ಲಿ ದುಡಿದಿರಿ ಅನ್ನೋದಕ್ಕೆ ಅದೊಂದೇ ಸಾಕ್ಷಿಯಾದೀತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಇಲಾಖೆಯೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹಾಗೆ ಹೇಳಿತ್ತು. ಅದರ ಜಾಗಕ್ಕೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಂಹಿತೆಯೂ ಅದನ್ನು ಬಿಟ್ಟಿಲ್ಲ. 'ನಮ್ಮ ಕೈಲಿಲ್ಲ' ಅಂದ ಸಾಹೇಬರಿಗೆ ಇದನ್ನು ಬರೆದೇ ಕೊಡಬೇಕು.

ಇನ್ನೊಂದು ಕೆಲಸ ಇವತ್ತೇ ಆಗಲಿ. ನಿಮ್ಮ ತಾಲೂಕಿನ ಯಾವ ಕಚೇರಿಯಲ್ಲಿ ಹೊರಗುತ್ತಿಗೆ ಇದೆ, ಎಷ್ಟು ತಲೆ, ಎಷ್ಟು ತಿಂಗಳಿಗೆ, ನಮ್ಮವರು ಎಷ್ಟು, ಅವರ ಕೈಯಲ್ಲಿ ಪೊರಕೆ ಇದೆಯೋ ಪೆನ್ನಿದೆಯೋ, ಬರೆದುಕೊಡಿ. ಟೆಂಡರಿನ ನಕಲು, ರೋಸ್ಟರಿನ ನಕಲು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ಶುಲ್ಕ ಹತ್ತು ರೂಪಾಯಿ, ಬಿ.ಪಿ.ಎಲ್. ಕಾರ್ಡಿದ್ದರೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕಂತೆ. ಕವಿತೆ ಬರೆಯುವ ನಮಗೆ ಅಷ್ಟು ಪದ ಧಾರಾಳವಾಯಿತು. ಕಾಗದ, ಪೆನ್ನು ಹಿಂದಿನ ಬೆಂಚಿನ ಮೇಲಿವೆ. ಸಭೆ ಮುಗಿದ ಮೇಲೆ ಯಾರೂ ಬಸ್ಸಿಗೆ ಓಡಬೇಡಿ.