ಮಾಹಿತಿ ಪುಕ್ಕಟೆ, ತಿಳಿಯದಿದ್ದರೆ ನಷ್ಟ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಕಟ್ಟಿ ಇಪ್ಪತ್ತೈದು ವರ್ಷ ನಡೆಸಿಕೊಂಡು ಬಂದ ಹಿರಿಯರಿಗೆ ಮೊದಲು ಕೈಮುಗಿಯುತ್ತೇನೆ. ಸಾಲ, ಗೊಬ್ಬರ, ಬೀಜದ ವಿಚಾರ ಬೇರೆಯವರು ಹೇಳಿದ್ದಾರೆ. ನಾನು ಮಾಹಿತಿಯ ಬಗ್ಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಈ ಕೆಲಸಕ್ಕೆ ಅಷ್ಟು ಓದು ಧಾರಾಳ ಸಾಕು.

ನಮ್ಮ ಸದಸ್ಯರೊಬ್ಬರು ಎರಡು ಎಕರೆ ರಾಗಿ ಬೆಳೆದು, ಬೆಂಬಲ ಬೆಲೆಗೆ ಹೆಸರು ಬರೆಸಲು ಹೋದರು. ಬೆಳೆ ಸಮೀಕ್ಷೆಯಲ್ಲಿ ಅವರ ಸರ್ವೆ ನಂಬರು ಬೀಳು ಅಂತ ದಾಖಲಾಗಿತ್ತು. ಆಕ್ಷೇಪಣೆ ಕೊಡುವ ದಿನವೂ ಮುಗಿದಿತ್ತು. ಕೊನೆಗೆ ಮನೆ ಬಾಗಿಲಿಗೆ ಬಂದ ವ್ಯಾಪಾರಿ ಕೇಳಿದ ಬೆಲೆಗೆ ಅಳೆದು ಕೊಟ್ಟರು. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಸಾರಿದ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಒಂದು ತಪ್ಪು ದಾಖಲೆಯಿಂದ ಎಷ್ಟು ಕೈಬಿಟ್ಟು ಹೋಗುತ್ತದೆ, ನೀವೇ ಲೆಕ್ಕ ಹಾಕಿ.

ಆ ದಾಖಲೆ ಗುಟ್ಟಿನದಲ್ಲ. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದ್ದಾರೆ ಅಂತ ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆ ಕೊಡಬಹುದು. ಬೆಳೆ ವಿಮೆಗೂ, ಬೆಳೆ ಪರಿಹಾರಕ್ಕೂ ನೋಡುವುದು ಇದೇ ದಾಖಲೆಯನ್ನು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ಪಹಣಿಯೂ ಹಾಗೆಯೇ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋಗಿವೆ. ಬರೀ ನೋಡುವುದಕ್ಕೆ ದುಡ್ಡಿಲ್ಲ. ವರ್ಷಕ್ಕೊಮ್ಮೆಯಾದರೂ ಹೆಸರು, ವಿಸ್ತೀರ್ಣ, ಸಾಲದ ಕಾಲಂ ನೋಡಿಕೊಳ್ಳಿ.

ಮಾರುಕಟ್ಟೆ ದರಕ್ಕೆ ‘ಕೃಷಿ ಮಾರಾಟ ವಾಹಿನಿ’ ಇದೆ. ಅಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ ಎಂದು ಮೂರು ದರ ಇರುತ್ತವೆ. ಗರಿಷ್ಠ ನೋಡಿ ಹಿಗ್ಗಬೇಡಿ, ಅದು ಒಂದೆರಡು ಒಳ್ಳೇ ಲಾಟಿಗೆ ಬಿದ್ದ ಬೆಲೆ ಇರಬಹುದು. ಹೆಚ್ಚು ಮಾಲು ಯಾವ ಬೆಲೆಗೆ ಹೋಯಿತು ಅನ್ನುವುದನ್ನು ಮೋಡಲ್ ದರ ಹೇಳುತ್ತದೆ. ಅದು ಗೊತ್ತಿದ್ದರೆ ವ್ಯಾಪಾರಿ “ಪೇಟೆ ಬಿದ್ದೋಗಿದೆ ಯಜಮಾನ್ರೇ” ಅಂದಾಗ ಎದುರು ಮಾತಾಡಬಹುದು.

ಮೊಬೈಲ್ ನೋಡಲು ಬಾರದವರು 1800-180-1551ಕ್ಕೆ ಫೋನ್ ಮಾಡಿ. ಇದು 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್. ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ರೋಗ ಬಿದ್ದ ಪೈರಿಗೆ ಔಷಧಿ ಅಂಗಡಿಯವರು ಕೊಟ್ಟಿದ್ದನ್ನೆಲ್ಲ ಹೊಡೆಯುವ ಮೊದಲು ಒಂದು ಮಾತು ಕೇಳಿ.

ಕಛೇರಿಯಲ್ಲಿ “ನಾಳೆ ಬಾ” ಅಂದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. “ನಮ್ಮ ಕೆಲಸ ಯಾಕೆ ಆಗಿಲ್ಲ” ಅಂತ ಬರೆಯುವ ಬದಲು “ಇಂಥ ಅರ್ಜಿಯ ಮೇಲೆ ಬರೆದ ಟಿಪ್ಪಣಿಯ ನಕಲು ಕೊಡಿ” ಅಂತ ಬರೆಯಿರಿ. ದಾಖಲೆ ಕೇಳಿದರೆ ದಾಖಲೆ ಬರುತ್ತದೆ.

ಈಗ ನನ್ನ ಕೋರಿಕೆ. ಬೆಳ್ಳಿಹಬ್ಬದ ನೆನಪಿಗೆ ನಮ್ಮ ಸಂಘದ ಗೋಡೆಗೆ ಒಂದು ಕರಿಹಲಗೆ ಹಾಕೋಣ. ವಾರದ ಮಾರುಕಟ್ಟೆ ದರ, ವಿಮೆ ಕಟ್ಟುವ ಕೊನೆ ದಿನ, ಬೆಳೆ ಸಮೀಕ್ಷೆಯ ಆಕ್ಷೇಪಣೆಯ ದಿನ, ಇಷ್ಟು ಬರೆದರೆ ಸಾಕು. ಬರೆಯಲು ಓದಿದ ಹುಡುಗ ಹುಡುಗಿಯರು ಮುಂದೆ ಬರಲಿ. ಅದೇ ಹಲಗೆಯ ಮೇಲೆ ಸಂಘಕ್ಕೆ ಬಂದ ಗೊಬ್ಬರ ಎಷ್ಟು, ಉಳಿದದ್ದೆಷ್ಟು ಅನ್ನುವುದೂ ಇರಲಿ. ಸರ್ಕಾರದ ಲೆಕ್ಕ ಕೇಳುವ ನಾವು ನಮ್ಮ ಲೆಕ್ಕವನ್ನೂ ತೋರಿಸಬೇಕಲ್ಲವೇ?

ಒಬ್ಬನಿಗೆ ಗೊತ್ತಿದ್ದದ್ದು ಹತ್ತು ಜನಕ್ಕೆ ಗೊತ್ತಾಗುವುದೇ ಸಹಕಾರ.